ಗಿರಿ ದಾರಿಗೆ ಎಂಥ ಕ್ಲಚ್ ಬೇಕು?

ಕೇಳುಗರಿಗೆ ನಮಸ್ಕಾರ.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ದಾರಿಗಳಲ್ಲಿ ರಾಷ್ಟ್ರಮಟ್ಟದ ಕಾರ್ ರ್ಯಾಲಿಗಳು ನಡೆದಿವೆ. ಅದನ್ನು ನೋಡಿಕೊಂಡೇ ಬೆಳೆದ ಹುಡುಗರು ಕಾರು ಕೊಂಡ ಮೇಲೆ ಸುಮ್ನೆ ಇರುತ್ತಾರಾ? ಎಂಜಿನ್‌ಗೆ ರೀಮ್ಯಾಪ್ ಮಾಡಿಸುತ್ತಾರೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ಬದಲಿಸುತ್ತಾರೆ. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಏರುತ್ತದೆ. ಆಮೇಲೆ ಕೈಮರ ದಾಟಿ ಮುಳ್ಳಯ್ಯನಗಿರಿ ಹತ್ತುವಾಗ ಕ್ಲಚ್ ಜಾರಲು ಶುರು. ಜಾಸ್ತಿ ಟಾರ್ಕ್ ತಡೆಯುವ ಪರ್ಫಾರ್ಮೆನ್ಸ್ ಕ್ಲಚ್ ಯಾವುದು ಹಾಕಿಸಲಿ ಅಂತ ಕೇಳುವುದು ಆಗಲೇ.

ಅದಕ್ಕೂ ಮೊದಲು, ಜಾರುತ್ತಿರುವುದು ಯಾಕೆ ಅಂತ ನೋಡಬೇಕು. ಎಂಜಿನ್ ಬಿಸಿಯಾದ ಮೇಲೆ, ವಾಹನ ಓಡಾಟ ಇಲ್ಲದ ಏರಿನಲ್ಲಿ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ ಹೋಗಿ, ಸ್ಪೀಡ್ ಮುಳ್ಳು ಅಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಗೇರ್‌ಬಾಕ್ಸ್ ಇಳಿಸಿದಾಗ ಹಳೆಯ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ. ಎಣ್ಣೆ ಜಿಡ್ಡು ಇದ್ದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲೋ ಗೇರ್‌ಬಾಕ್ಸ್ ಸೀಲೋ ಸೋರುತ್ತಿರಬಹುದು. ಅದನ್ನು ಬದಲಿಸದೆ ಎಷ್ಟು ದುಬಾರಿ ಕ್ಲಚ್ ಹಾಕಿದರೂ ದಂಡ. ಜಿಡ್ಡಿಲ್ಲ, ಆದರೆ ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ರಿವೆಟ್ ತಲೆಯ ಮಟ್ಟಕ್ಕೆ ಸವೆದಿದೆ, ಎಂಜಿನ್ನಿಗೆ ಜೋಡಿಸಿದ ಭಾರದ ಚಕ್ರವಾದ ಫ್ಲೈವೀಲ್ ಮೇಲೆ ನೀಲಿ ಕಲೆಗಳಿವೆ ಅಂದರೆ ಅದು ಬಿಸಿಗೆ ಬೆಂದ ಗುರುತು. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ಕಾರು ನಿಲ್ಲಿಸಿಕೊಳ್ಳುವವರ ಪ್ಲೇಟು ಹೀಗೇ ಆಗುತ್ತದೆ. ಎಂಜಿನ್ ಕಂಪನಿ ಕೊಟ್ಟ ಹಾಗೇ ಇದ್ದರೆ, ಅಂಥವರಿಗೆ ಮಾಮೂಲಿ ಕ್ಲಚ್ಚೇ ಸಾಕು. ಬದಲಾಗಬೇಕಾದ್ದು ಅಭ್ಯಾಸ.

ರೀಮ್ಯಾಪ್ ಆದ ಕಾರಿನ ಮಾತು ಬೇರೆ. ಹಳೆಯ 1.3 ಲೀಟರ್ ಸ್ವಿಫ್ಟ್ ಡೀಸೆಲ್ ತಗೊಳ್ಳಿ. ಕಂಪನಿ ಹೇಳಿದ ಟಾರ್ಕ್ 190 ನ್ಯೂಟನ್ ಮೀಟರ್. ಅದನ್ನು 240ಕ್ಕೆ ಏರಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಹೊಸ ಕ್ಲಚ್ 280ರಿಂದ 300ರ ತನಕ ತಡೆದರೆ ಧಾರಾಳವಾಯಿತು. 500 ತಡೆಯುವುದು ಸಿಕ್ಕರೂ ಅದಕ್ಕೆ ಆಸೆಪಡಬೇಡಿ. ಟಾರ್ಕ್ ಅಳೆಯುವ ಯಂತ್ರವಾದ ಡೈನೋ ಮೇಲೆ ಅಳೆಸಿಯೇ ಲೆಕ್ಕ ಹಿಡಿಯಿರಿ, ಬಾಯಿಮಾತು ಬೇಡ. ಡೈನೋ ಚಕ್ರದ ಹತ್ತಿರ ಅಳೆದ ಟಾರ್ಕೋ, ಎಂಜಿನ್ನಿಗೆ ಲೆಕ್ಕ ಕಟ್ಟಿದ ಟಾರ್ಕೋ ಅಂತಲೂ ಕೇಳಿ. ಕ್ಲಚ್ಚಿಗೆ ಬೇಕಾದ್ದು ಎಂಜಿನ್ನಿನ ಲೆಕ್ಕ.

ಜಾಸ್ತಿ ಹಿಡಿತ ಪುಕ್ಕಟೆ ಬರುವುದಿಲ್ಲ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುವ ಪ್ರೆಶರ್ ಪ್ಲೇಟ್ ಒತ್ತುವ ಬಲ, ಲೈನಿಂಗಿನ ಉಜ್ಜುವಿಕೆ, ಪ್ಲೇಟಿನ ಅಗಲ, ಇವುಗಳಿಂದ ಬರುತ್ತದೆ. ಅಗಲ ಹೆಚ್ಚಿಸಲು ಕ್ಲಚ್ ಕೂರುವ ಗೂಡಾದ ಬೆಲ್ ಹೌಸಿಂಗಿನಲ್ಲಿ ಜಾಗ ಸಿಗುವುದು ಕಷ್ಟ. ಒತ್ತುವ ಬಲ ಹೆಚ್ಚಿಸಿದರೆ ಪೆಡಲ್ ಗಟ್ಟಿಯಾಗುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಮತ್ತೆ ಹತ್ತಿ ಬರುವಷ್ಟರಲ್ಲಿ ಎಡಗಾಲಿಗೆ ಅದು ಗೊತ್ತಾಗುತ್ತದೆ. ಲೈನಿಂಗ್ ಬದಲಿಸಿ ಸೆರಾಮಿಕ್ ಹಾಕಿದರೆ ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಮಳೆಗಾಲದಲ್ಲಿ, ತೋಟದ ಗೇಟಿನ ಮುಂದೆ, ಪಾಚಿ ಕಟ್ಟಿದ ಏರಿನಲ್ಲಿ ರಿವರ್ಸ್ ತೆಗೆಯುವುದನ್ನು ನೆನೆಸಿಕೊಳ್ಳಿ. ಅಲ್ಲಿ ಇಂಚಿಂಚಾಗಿ ಬಿಡಲು ಬರುವ ಕ್ಲಚ್ ಬೇಕು, ಅಲ್ವಾ? ಸೆರಾಮಿಕ್ ಇದ್ದರೆ ಕಾರು ಗಡಗಡ ನಡುಗಿ ಎಗರುತ್ತದೆ. ದಿನಾ ಓಡಿಸುವ ಕಾರಿಗೆ ಒಳ್ಳೆಯ ಆರ್ಗ್ಯಾನಿಕ್ (ಕಾರುಗಳಲ್ಲಿ ಬರುವ ಮಾಮೂಲಿ ಬಗೆ) ಅಥವಾ ಕೆವ್ಲಾರ್ ನಾರು ಬೆರೆಸಿದ ಲೈನಿಂಗ್, ಜೊತೆಗೆ ಸ್ವಲ್ಪ ಗಟ್ಟಿ ಪ್ರೆಶರ್ ಪ್ಲೇಟ್. ನನ್ನ ಮತ ಇದಕ್ಕೇ. ಸೆರಾಮಿಕ್ ರ್ಯಾಲಿ ಕಾರಿಗೆ ಇರಲಿ.

ಇನ್ನು ಹೊಂದಾಣಿಕೆ. ಒಂದೇ ಹೆಸರಿನ ಕಾರಾದರೂ ಪೆಟ್ರೋಲಿಗೂ ಡೀಸೆಲ್‌ಗೂ ಕ್ಲಚ್ ಬೇರೆ ಇರಬಹುದು, ವರ್ಷ ಬದಲಾದರೂ ಬೇರೆ ಇರಬಹುದು. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತಗೊಳ್ಳಿ. ಪ್ಲೇಟಿನ ವ್ಯಾಸ, ನಡುವಿನ ಸ್ಪ್ಲೈನ್ ಹಲ್ಲುಗಳ ಲೆಕ್ಕ ಎರಡೂ ಕೂಡಬೇಕು. ಜೋಡಿಸುವ ಮೊದಲು ಹೊಸ ಪ್ಲೇಟನ್ನು ಗೇರ್‌ಬಾಕ್ಸ್ ಶಾಫ್ಟಿಗೆ ಕೈಯಲ್ಲೇ ತೂರಿಸಿ ನೋಡಿ. ಎಲ್ಲೂ ತಡೆಯದೆ ಒಳಗೆ ಹೋಗಬೇಕು. ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕೂಡ ಹೊಸದೇ ಇರಲಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡನೇ ಸಲ ಯಾಕೆ ಕೊಡಬೇಕು?

ಜನ ಮರೆಯುವುದು ಫ್ಲೈವೀಲನ್ನು. ಈಚಿನ ಎಷ್ಟೋ ಡೀಸೆಲ್ ಕಾರುಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಎರಡು ಭಾಗ, ನಡುವೆ ಸ್ಪ್ರಿಂಗ್. ಎಂಜಿನ್ನಿನ ಅದುರನ್ನು ಅದೇ ನುಂಗುತ್ತದೆ, ಆದ್ದರಿಂದ ಪ್ಲೇಟಿನಲ್ಲಿ ಸಾಮಾನ್ಯವಾಗಿ ದೊಡ್ಡ ಸ್ಪ್ರಿಂಗ್ ಇರುವುದಿಲ್ಲ. ಅದನ್ನು ತೆಗೆದು ಒಂದೇ ತುಂಡಿನ ಸಿಂಗಲ್ ಮಾಸ್ ಫ್ಲೈವೀಲ್ ಹಾಕಿಸಿದರೆ, ಪ್ಲೇಟು ಸ್ಪ್ರಿಂಗ್ ಇರುವುದೇ ಆಗಬೇಕು. ಇಲ್ಲದಿದ್ದರೆ ಅದುರೆಲ್ಲ ನೇರ ಗೇರ್‌ಬಾಕ್ಸಿಗೆ. ಸ್ಪ್ರಿಂಗ್ ಇದ್ದರೂ ಐಡಲಿಂಗಿನಲ್ಲಿ ಗಲಗಲ ಸದ್ದು ಸ್ವಲ್ಪ ಜಾಸ್ತಿಯಾಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಹಾಕಿಸಿದ ಮೇಲೆ ಸುಮಾರು 800 ಕಿಲೋಮೀಟರ್ ಮೆತ್ತಗೆ ಓಡಿಸಿ. ಅದೂ ಊರೊಳಗೆ, ನಿಂತು ಹೊರಡುವ ಓಡಾಟ. ಹೈವೇಯಲ್ಲಿ ಒಂದೇ ಗೇರಿನಲ್ಲಿ ಹಾಸನಕ್ಕೆ ಹೋಗಿ ಬಂದ ಕಿಲೋಮೀಟರ್ ಈ ಲೆಕ್ಕಕ್ಕೆ ಬರುವುದಿಲ್ಲ. ಕ್ಲಚ್ ತುಳಿದು ಬಿಟ್ಟಾಗಲೇ ಲೈನಿಂಗ್ ಪಳಗುವುದು. ಅಲ್ಲಿಯವರೆಗೆ ಮುಳ್ಳಯ್ಯನಗಿರಿಗೆ ಸ್ನೇಹಿತರ ಕಾರಿನಲ್ಲಿ ಹೋಗಿ ಬನ್ನಿ.

ನಮಸ್ಕಾರ.