ಗಾರೆ ಗೋಡೆ, ಹಸಿರು ಬೇಲಿ: ಕಾರ್ಡಿಫ್‌ನ ರೂಬೈನಾ

ಕೇಳುಗರಿಗೆ ನಮಸ್ಕಾರ.

ವೇಲ್ಸ್‌ನ ರಾಜಧಾನಿ ಕಾರ್ಡಿಫ್. ಆ ನಗರದ ಉತ್ತರದ ಅಂಚಿನಲ್ಲಿ, ಪೇಟೆಯಿಂದ ಸುಮಾರು ನಾಲ್ಕು ಮೈಲಿ ದೂರದಲ್ಲಿ ಹಳೆಯದೊಂದು ಬಡಾವಣೆ ಇದೆ. ಅದರ ಹೆಸರನ್ನು ಕಾಗದದ ಮೇಲೆ ಕಂಡವರು 'ರಿವ್‌ಬಿನಾ' ಎಂದು ಓದಿಬಿಡುತ್ತಾರೆ. ಅಲ್ಲಿಯವರು ಕರೆಯುವುದು 'ರೂಬೈನಾ' ಎಂದು. ಅದರೊಳಗಿನ ಗಾರ್ಡನ್ ವಿಲೇಜ್ ಎಂಬ ಪುಟ್ಟ ಭಾಗದಲ್ಲಿ ಬಾಳುವುದೆಂದರೆ ಏನೇನು ನೋಡಿಕೊಳ್ಳಬೇಕು ಎಂಬುದು ಇವತ್ತಿನ ಮಾತು. ನಗರದ ದೊಡ್ಡಾಸ್ಪತ್ರೆ ಇರುವ ಹೀತ್ ಇಲ್ಲಿಗೆ ಹತ್ತಿರ. ಅಲ್ಲಿ ಕೆಲಸ ಸಿಕ್ಕಿ ಹೊರಟಿರುವ ಕನ್ನಡದ ವೈದ್ಯರು, ನರ್ಸ್‌ಗಳು ಇದ್ದರೆ ಅವರಿಗೂ ಇದು ಕೆಲಸಕ್ಕೆ ಬಂದೀತು.

ಇಲ್ಲಿನ ಬೀದಿಗಳಿಗೆ ವೆಲ್ಶ್ ಹೆಸರುಗಳು. ಲೋನ್ ಇಸಾ ಎಂದರೆ ಕೆಳಗಿನ ಓಣಿ, ಲೋನ್ ಇಖಾವ್ ಎಂದರೆ ಮೇಲಿನ ಓಣಿ. ನಮ್ಮ ಕೆಳಗೇರಿ, ಮೇಲುಗೇರಿಗಳ ಹಾಗೆಯೇ. ಇನ್ನೊಂದು ಲೋನ್ ಅ ಡೈಲ್, ಎಲೆಗಳ ಓಣಿ. ನಡುವೆ ಹುಲ್ಲುಹಾಸು, ಅದರ ಸುತ್ತ ಮನೆಗಳು. ಆ ಜಾಗದ ಹೆಸರು ಅ ಗ್ರೋಯ್ಸ್, ಅಂದರೆ ಶಿಲುಬೆ.

1912ರಲ್ಲಿ ಕಾರ್ಡಿಫ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ಟಾನ್ಲಿ ಜೆವನ್ಸ್ ಮುಂದಾಳಾಗಿ ದುಡಿಯುವವರ ಸಹಕಾರಿ ಸಂಘವೊಂದು ಹುಟ್ಟಿತು. ಬಡಾವಣೆಯ ನಕ್ಷೆ ಹಾಕಿದವರು ನಗರ ಯೋಜಕ ರೇಮಂಡ್ ಅನ್ವಿನ್. ಎಕರೆಗೆ ಹನ್ನೆರಡು ಮನೆಗಿಂತ ಹೆಚ್ಚು ತುರುಕಬಾರದು ಎಂದು ವಾದಿಸಿದವರು ಅವರು. ಮೊದಲ ಮನೆಗಳು 1913ರಲ್ಲಿ ಸಿದ್ಧವಾದವು. ಮನೆಗಳ ಒಡೆತನ ಸಂಘದ್ದು, ವಾಸಿಸುವವರು ಷೇರುದಾರರೂ ಹೌದು ಬಾಡಿಗೆದಾರರೂ ಹೌದು. ಮುಂದೆ ಮನೆಗಳು ಒಬ್ಬೊಬ್ಬರ ಸ್ವಂತವಾದವು. ಆದರೆ ಬೀದಿಯ ಕಡೆಗಿನ ಮುಖ, ಅಂದರೆ ಬಿಳಿ ಗೋಡೆ, ಮರದ ಕಿಟಕಿ, ಮುಂದಿನ ಬೇಲಿ, ಎಲ್ಲರಿಗೂ ಸೇರಿದ್ದು ಎಂಬ ಹಳೆಯ ಕಟ್ಟು ಹಾಗೆಯೇ ಉಳಿದಿದೆ. ಈ ಬಡಾವಣೆಯ ಜೀವ ಇರುವುದೇ ಆ ಕಟ್ಟಿನಲ್ಲಿ.

ಮೊದಲು ಗೋಡೆ. ಹೊರಗೆ ಕಾಣುವುದು ತರಿತರಿಯಾದ ಗಿಲಾವು. ಸಣ್ಣ ಜಲ್ಲಿಯನ್ನು ಹಸಿ ಗಾರೆಯಲ್ಲೇ ಕಲಸಿ ಗೋಡೆಗೆ ಎರಚಿದ್ದು ಇದು. ಹಸಿ ಗಿಲಾವಿನ ಮೇಲೆ ಒಣ ಕಲ್ಲು ಎಸೆದು ಅಂಟಿಸುವುದು ಬೇರೆಯೇ ಕೆಲಸ. ಇವೆರಡನ್ನು ಬೆರೆಸಿ ತೇಪೆ ಹಾಕಿದರೆ ಆ ಜಾಗ ಎಷ್ಟು ಬಣ್ಣ ಬಳಿದರೂ ಎದ್ದು ಕಾಣುತ್ತದೆ. ಒಳಗಿನ ಇಟ್ಟಿಗೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಬಾಗಿಲ ಪಕ್ಕದಲ್ಲಿ ಗೋಡೆಯ ದಪ್ಪ ಅಳೆದು ನೋಡಿ. ಗಿಲಾವೂ ಸೇರಿ 25 ಸೆಂಟಿಮೀಟರ್ ಆಸುಪಾಸಿದ್ದರೆ ಬಹುಮಟ್ಟಿಗೆ ಅದು ಗಟ್ಟಿ ಗೋಡೆ. 29-30 ಇದ್ದರೆ ನಡುವೆ ಟೊಳ್ಳು ಬಿಟ್ಟು ಕಟ್ಟಿದ್ದು. ಗಟ್ಟಿ ಗೋಡೆ ಹೀರಿಕೊಂಡ ಮಳೆನೀರು ಮತ್ತೆ ಹೊರಮೈಯಿಂದಲೇ ಆರಬೇಕು.

ಬೆರಳ ಗೆಣ್ಣಿನಿಂದ ಗಿಲಾವನ್ನು ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅದು ಗೋಡೆ ಬಿಟ್ಟಿದೆ ಎಂದರ್ಥ. ಅಲ್ಲಿ ಸಿಮೆಂಟ್ ಮೆತ್ತುವುದೇ ಎಲ್ಲರೂ ಮಾಡುವ ತಪ್ಪು. ಬಿಸಿಲಿಗೆ ಚಳಿಗೆ ಗೋಡೆ ಅಲುಗುತ್ತದೆ, ಸಿಮೆಂಟ್ ಅಲುಗುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ತೇಪೆಯ ಸುತ್ತಲಿನ ಹಳೆ ಗಿಲಾವೂ ಉಬ್ಬಿ ಬೀಳುತ್ತದೆ. ಹಾಗಾಗಿ ಸುಣ್ಣದ ಗಾರೆಯನ್ನೇ ಬಳಸಿ. ಚೀಲದ ಮೇಲೆ ಎನ್‌ಎಚ್‌ಎಲ್ 3.5 ಎಂದು ಬರೆದ ಸುಣ್ಣ ಒಂದು ಪಾಲು, ಒರಟು ಮರಳು ಎರಡೂವರೆ ಪಾಲು. ಇಟ್ಟಿಗೆಗೆ ನೀರು ಚಿಮುಕಿಸಿ, ಒಂದು ಸಲಕ್ಕೆ ಒಂದು ಸೆಂಟಿಮೀಟರ್ ದಪ್ಪ ಮೀರದಂತೆ ಬಳಿಯಬೇಕು. ಆಮೇಲೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಕೆಲವು ದಿನ ಆರದಂತೆ ಕಾಯಬೇಕು. ಉಷ್ಣತೆ 5 ಡಿಗ್ರಿಗಿಂತ ಇಳಿಯುವ ಕಾಲದಲ್ಲಿ ಈ ಕೆಲಸ ಹಿಡಿಯಲೇಬೇಡಿ, ಗಾರೆ ಹೆಪ್ಪುಗಟ್ಟಿ ಪುಡಿಯಾಗುತ್ತದೆ. ಬಣ್ಣವೂ ಅಷ್ಟೆ: ಪ್ಲಾಸ್ಟಿಕ್ಕಿನಂತೆ ಪೊರೆ ಕಟ್ಟುವುದು ಬೇಡ, ಸುಣ್ಣವೋ ಸಿಲಿಕೇಟ್ ಬಣ್ಣವೋ ಸಾಕು.

ಒಳಗೋಡೆಯಲ್ಲಿ ಒದ್ದೆ ಕಂಡರೆ ಅದೆಲ್ಲ ಮಳೆನೀರೇ ಅಲ್ಲ. ಮಳೆ ಹೊಯ್ದ ಮರುದಿನ ಕಲೆ ದೊಡ್ಡದಾದರೆ ದೋಷ ಹೊರಗಿದೆ. ಮಳೆಯಿಲ್ಲದ ಕಡುಚಳಿಯ ಬೆಳಿಗ್ಗೆ ಮೂಲೆಯಲ್ಲಿ, ಬೀರುವಿನ ಹಿಂದೆ ಕಪ್ಪು ಬೂಜು ಕಂಡರೆ ಅದು ಮನೆಯೊಳಗಿನ ಹಬೆ. ಒಂದು ಸಲದ ಒಗೆದ ಬಟ್ಟೆಯನ್ನು ಒಳಗೆ ಹರವಿದರೆ ಎರಡು ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ನಮ್ಮ ಅಡುಗೆಯಲ್ಲಿ ಅನ್ನ, ಇಡ್ಲಿ, ಸಾರು ಎಲ್ಲವೂ ಹಬೆಯದೇ. ಪಾತ್ರೆಗೆ ಮುಚ್ಚಳ ಹಾಕಿ, ಅಡುಗೆಮನೆ ಬಾಗಿಲು ಮುಚ್ಚಿ, ಹಬೆ ಎಳೆಯುವ ಫ್ಯಾನ್ ಅಡುಗೆ ಮುಗಿದ ಮೇಲೂ ಕಾಲು ಗಂಟೆ ಓಡಲಿ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ. ಹೀಟರನ್ನು ಸಂಜೆ ಒಂದು ಗಂಟೆ ಜೋರಾಗಿ ಉರಿಸಿ ಆರಿಸುವುದಕ್ಕಿಂತ ದಿನವಿಡೀ 18 ಡಿಗ್ರಿಯಲ್ಲಿ ಇಡುವುದು ಗೋಡೆಗೆ ಒಳ್ಳೆಯದು.

ಮರದ ಕಿಟಕಿ ತೆಗೆದು ಪ್ಲಾಸ್ಟಿಕ್ ಹಾಕಿಸುವ, ಬೇಲಿ ಕಿತ್ತು ಕಾರು ನಿಲ್ಲಿಸುವ ಯೋಚನೆ ಬಂದರೆ ಕೈ ಹಾಕುವ ಮೊದಲು ಕೌನ್ಸಿಲ್ಲಿನ ಯೋಜನಾ ವಿಭಾಗವನ್ನು ಕೇಳಿ. ಇದು ಸಂರಕ್ಷಿತ ಪ್ರದೇಶ. ಬೇರೆ ಬಡಾವಣೆಗಳಲ್ಲಿ ಅನುಮತಿ ಬೇಡದ ಕೆಲಸಗಳಿಗೂ ಇಲ್ಲಿ ಬೇಕಾಗಬಹುದು. ಅ ಗ್ರೋಯ್ಸ್ ಸುತ್ತಿನ ಮನೆಗಳಂತೂ ಗ್ರೇಡ್ 2 ಪಟ್ಟಿಯಲ್ಲಿವೆ, ಅಂದರೆ ಕಾನೂನಿನ ರಕ್ಷಣೆ ಇರುವ ಹಳೆಯ ಕಟ್ಟಡಗಳ ಪಟ್ಟಿಯಲ್ಲಿ. ಅನುಮತಿಯಿಲ್ಲದೆ ಅವುಗಳ ಚಹರೆ ಬದಲಿಸಿದರೆ ಅದು ಅಪರಾಧ. ಮರಗಳಿಗೂ ನಿಯಮವಿದೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡ 75 ಮಿಲಿಮೀಟರಿಗಿಂತ ದಪ್ಪವಿದ್ದರೆ, ಕೊಂಬೆ ಸವರುವುದಕ್ಕೂ ಆರು ವಾರ ಮೊದಲು ತಿಳಿಸಬೇಕು. ಹಣ್ಣಿನ ಮರಗಳಿಗೆ ವಿನಾಯಿತಿಗಳಿವೆ, ಅವನ್ನೂ ಅಲ್ಲೇ ವಿಚಾರಿಸಿ.

ಕೊನೆಗೆ ಬೇಲಿ. ಬೇಲಿಗೆಂದೇ ಬೆಳೆಸುವ ಪ್ರಿವೆಟ್ ಎಂಬ ಪೊದೆಗಿಡದ್ದಾದರೆ ಎದೆಮಟ್ಟಕ್ಕಿರಲಿ, ಬುಡ ಅಗಲವಾಗಿ ತಲೆ ಕಿರಿದಾಗಿರಲಿ. ಮೇಲೆ ಹರಡಿಕೊಂಡ ಬೇಲಿಯ ಬುಡಕ್ಕೆ ಬೆಳಕು ಬೀಳದೆ ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಹಾಗೆ ಬೋಳಾದದ್ದನ್ನು ಫೆಬ್ರವರಿ ಮುಗಿಯುವುದರೊಳಗೆ ಒಂದು ಬದಿ ಮಾತ್ರ ಕಾಂಡದ ತನಕ ಕತ್ತರಿಸಿ, ಇನ್ನೊಂದು ಬದಿಯನ್ನು ಮರುವರ್ಷ. ಎರಡೂ ಬದಿಯನ್ನು ಒಮ್ಮೆಗೇ ಸವರಿದರೆ ಗಿಡ ಬಳಲುತ್ತದೆ. ಇದರ ಕರಿ ಹಣ್ಣು ವಿಷ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಮಾರ್ಚಿನಿಂದ ಆಗಸ್ಟಿನವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. ಮೊಟ್ಟೆ ಮರಿ ಇರುವ ಗೂಡನ್ನು ಬೇಕೆಂದೇ ಕೆಡಿಸುವುದು 1981ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಬೇಸಿಗೆಯಲ್ಲಿ ಪಾದಚಾರಿ ಹಾದಿಗೆ ಚಾಚಿದ ಚಿಗುರನ್ನು ಸವರಲೇಬೇಕಾದರೆ ಮೊದಲು ಕೈಯಿಂದ ರೆಂಬೆಗಳನ್ನು ಮೆಲ್ಲಗೆ ಸರಿಸಿ ಒಳಗೆ ಇಣುಕಿ ನೋಡಿ. ಗೂಡಿದ್ದರೆ ಆ ಭಾಗವನ್ನು ಹಾಗೇ ಬಿಟ್ಟು, ಉಳಿದದ್ದನ್ನು ಸೆಪ್ಟೆಂಬರಿನಲ್ಲಿ ಮುಗಿಸಿ.

ನಮಸ್ಕಾರ.