ತಲೆ ಎಣಿಸಿದರೆ ನೀರಿನ ಲೆಕ್ಕ ಮುಗಿಯೋದಿಲ್ಲ

ನಮಸ್ಕಾರ. ಮುಂಬಯಿಯಿಂದ ಮಾತಾಡ್ತಿದ್ದೀನಿ. ಬೇಸಿಗೆಯಲ್ಲಿ ಇಲ್ಲಿ ನೀರು ಕಡಿತದ ಸುದ್ದಿ ಬಂದ್ರೆ ಸಾಕು, ನಮ್ಮ ಕನ್ನಡ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಗ್ರಾಫ್ ಓಡಾಡುತ್ತೆ. ಭಾರತ ಮತ್ತು ಚೀನಾ, ತಲೆಗೆ ಎಷ್ಟು ಸಿಹಿನೀರು ಅಂತ. 1962ರಲ್ಲಿ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 3,100 ಘನ ಮೀಟರ್, ಒಬ್ಬ ಚೀನೀಯನಿಗೆ ಸುಮಾರು 4,200. 2020ಕ್ಕೆ ಬಂದ್ರೆ ನಮ್ಮದು ಸಾವಿರದ ಹತ್ತಿರ, ಅವರದು ಎರಡು ಸಾವಿರ. ಕೆಳಗೆ ಒಂದು ಸಾಲು: ‘ಜನಸಂಖ್ಯೆ ನಮ್ಮನ್ನು ಮುಳುಗಿಸಿತು.’

ಈ ಸಾಲಿನ ಬಗ್ಗೆ ನನಗೆ ತಕರಾರಿದೆ.

ಗ್ರಾಫ್ ಸುಳ್ಳಲ್ಲ. ಆದ್ರೆ ಅದು ಹೇಗೆ ಹುಟ್ಟುತ್ತೆ ನೋಡಿ. ನಮ್ಮ ಗಡಿಯೊಳಗೆ ಬಿದ್ದ ಮಳೆಯಿಂದ ಪ್ರತಿವರ್ಷ ನದಿಗೂ ಅಂತರ್ಜಲಕ್ಕೂ ಸೇರುವ ನೀರು ಸುಮಾರು 1,446 ಶತಕೋಟಿ ಘನ ಮೀಟರ್. ಚೀನಾದ್ದು ಸುಮಾರು 2,813. ದೀರ್ಘಕಾಲದ ಸರಾಸರಿ ಇದು; 1962ಕ್ಕೂ 2020ಕ್ಕೂ ಅದೇ ಸಂಖ್ಯೆ. ಅಂದ್ರೆ ಆ ಗೆರೆ ಇಳಿದದ್ದು ಮಳೆ ಕಡಿಮೆಯಾಗಿ ಅಲ್ಲ, ಭಾಗಿಸುವ ಸಂಖ್ಯೆ ದೊಡ್ಡದಾಗಿ. ನಮ್ಮ ಜನ ಮೂರು ಪಟ್ಟಾದ್ರು, ಅವರು ಎರಡು ಪಟ್ಟು ಮತ್ತು ಸ್ವಲ್ಪ. ಇಷ್ಟೇ. ಬ್ರಹ್ಮಪುತ್ರದಂತೆ ಹೊರಗಿನಿಂದ ಹರಿದು ಬರುವ ನೀರೂ ಈ ಲೆಕ್ಕದಲ್ಲಿಲ್ಲ. ಅದನ್ನು ಸೇರಿಸಿಕೊಳ್ಳುವ ನಮ್ಮ ಕೇಂದ್ರ ಸರ್ಕಾರ 2021ಕ್ಕೆ ತಲೆಗೆ 1,486 ಅನ್ನುತ್ತೆ.

ಈಗ ಆ ಗ್ರಾಫ್ ತೋರಿಸದೇ ಇರೋ ಮಾತು. ನಮಗಿಂತ ಹೆಚ್ಚುಕಡಿಮೆ ಎರಡು ಪಟ್ಟು ನೀರಿರುವ ಚೀನಾ ವರ್ಷಕ್ಕೆ ನದಿ, ಕೆರೆ, ಬಾವಿಗಳಿಂದ ಎತ್ತಿ ಬಳಸೋದು 600 ಶತಕೋಟಿ ಘನ ಮೀಟರಿನ ಆಸುಪಾಸು. ನಾವು? 2010ರಲ್ಲೇ ಸುಮಾರು 760. ಕಡಿಮೆ ಇರುವವರು ಹೆಚ್ಚು ಖರ್ಚು ಮಾಡ್ತಿದ್ದೀವಿ! ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಹೋಗೋದು ಹೊಲಕ್ಕೆ. ಚೀನಾದಲ್ಲಿ ಅದು ಅರವತ್ತು ಚಿಲ್ಲರೆ. ಮನೆ ಮನೆಯಲ್ಲಿ ಮಕ್ಕಳು ಜಾಸ್ತಿ ಅಂತ ಬೈಯೋದು ಸುಲಭ. ಯಾವ ನೆಲದಲ್ಲಿ ಯಾವ ಬೆಳೆ ಅಂತ ಕೇಳೋದು ಕಷ್ಟ, ಯಾಕಂದ್ರೆ ಅಲ್ಲಿ ಸಕ್ಕರೆ ಕಾರ್ಖಾನೆ ಇದೆ, ಚುನಾವಣೆ ಇದೆ.

ಮಹಾರಾಷ್ಟ್ರವನ್ನೇ ತಗೊಳ್ಳಿ. ಈ ರಾಜ್ಯದ ಬಿತ್ತನೆ ಪ್ರದೇಶದಲ್ಲಿ ಶೇಕಡಾ 4ಕ್ಕಿಂತ ಕಡಿಮೆ ಇರುವ ಕಬ್ಬು ನೀರಾವರಿಯ ನೀರಿನಲ್ಲಿ ನೂರಕ್ಕೆ ಸುಮಾರು 70 ಪಾಲನ್ನು ಕುಡಿಯುತ್ತೆ ಅಂತ ಕೇಂದ್ರ ಸರ್ಕಾರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಬರೆದಿತ್ತು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಕಳಿಸಬೇಕಾಯ್ತು, ನಾವೆಲ್ಲ ಊರಿಗೆ ಹೋಗುವಾಗ ಹಾಯುವ ಅದೇ ಮೀರಜಿನಿಂದ. ಲಾತೂರು ಕೂಡ ಕಬ್ಬಿನ ಜಿಲ್ಲೆಯೇ. ಬರ ಇತ್ತು, ನಿಜ. ಬರದ ನೆಲದಲ್ಲಿ ಕಬ್ಬೂ ಇತ್ತು.

ಸರಾಸರಿ ಅನ್ನೋದು ಈ ಊರಲ್ಲೂ ಹೀಗೇ ಕಣ್ಣು ಕಟ್ಟುತ್ತೆ. ಏಳು ಕೆರೆಗಳಿಂದ ಮುಂಬಯಿಗೆ ದಿನಕ್ಕೆ 380 ಕೋಟಿ ಲೀಟರಿನಷ್ಟು ನೀರು ಬರುತ್ತೆ. 2011ರ ಜನಗಣತಿಯ 1.24 ಕೋಟಿ ಜನಕ್ಕೆ ಹಂಚಿದ್ರೆ ತಲೆಗೆ 300 ಲೀಟರ್! ಗೋವಂಡಿಯ ಗುಡಿಸಲು ಬಡಾವಣೆಯಲ್ಲಿ ಕ್ಯಾನು ಹಿಡಿದು ನಿಂತ ಹೆಂಗಸಿಗೆ ಈ ಲೆಕ್ಕ ಹೇಳಿ ನೋಡಿ. ಅನಧಿಕೃತ ಗುಡಿಸಲಿನವರಿಗೂ ನೀರಿನ ಹಕ್ಕಿದೆ ಅಂತ 2014ರಲ್ಲಿ ಬಾಂಬೆ ಹೈಕೋರ್ಟೇ ಹೇಳಬೇಕಾಯ್ತು. ಇನ್ನು ಆ ಕೆರೆಗಳಲ್ಲಿ ತಾನ್ಸಾ, ಭಾತ್ಸಾ ಇರುವ ಶಹಾಪುರ ತಾಲ್ಲೂಕಿನ ಆದಿವಾಸಿ ಪಾಡಾಗಳಿಗೆ, ಅಂದ್ರೆ ಪುಟ್ಟ ಹಟ್ಟಿಗಳಿಗೆ, ಬೇಸಿಗೆಯಲ್ಲಿ ಟ್ಯಾಂಕರ್ ಹೋಗುತ್ತೆ. ನಮ್ಮ ನಲ್ಲಿಗೆ ನೀರು ಕೊಡುವ ಊರು ಅದು. ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಚೀನಾ ಎಲ್ಲದರಲ್ಲೂ ಸರಿ ಅಂತ ನಾನು ಹೇಳ್ತಿಲ್ಲ. ಅಲ್ಲೂ ಉತ್ತರ ಒಣಗಿದೆ. ದಕ್ಷಿಣದ ನೀರನ್ನು 2014ರ ಡಿಸೆಂಬರಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕಾಲುವೆಯಲ್ಲಿ ಬೀಜಿಂಗಿಗೆ ತರ್ತಿದ್ದಾರೆ. ಅದಕ್ಕಾಗಿ ಆ ನೀರು ಹೊರಡುವ ಅಣೆಕಟ್ಟಿನ ಬಳಿ ಲಕ್ಷಾಂತರ ಜನ ಊರು ಬಿಟ್ಟರು.

ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಬೆಳೆಯುವ ನೆಂಟರು ನಿಮ್ಮಲ್ಲಿ ಎಷ್ಟೋ ಜನಕ್ಕಿದ್ದಾರೆ. ಅವರನ್ನು ಬೈಯಬೇಡಿ, ಖಾತರಿ ಬೆಲೆ ಸಿಗುವ ಬೆಳೆ ಯಾರು ಬಿಡ್ತಾರೆ? ಜೋಳಕ್ಕೆ, ತೊಗರಿಗೆ ಅಂಥದೇ ಖಾತರಿ ಕೊಡಿ ಅಂತ ಸರ್ಕಾರವನ್ನು ಕೇಳೋಣ. ಕಬ್ಬಿಗೆ ಹನಿ ನೀರಾವರಿ ಕಡ್ಡಾಯ ಅಂತ ಮಹಾರಾಷ್ಟ್ರ 2017ರಲ್ಲೇ ತೀರ್ಮಾನಿಸಿತ್ತು. ಅದು ಎಷ್ಟು ಎಕರೆಗೆ ಇಳಿಯಿತು ಅಂತ ಪ್ರತಿವರ್ಷ ಜನರ ಮುಂದೆ ಇಡಲಿ. ಆ ಗ್ರಾಫನ್ನೂ ನಮ್ಮ ಗುಂಪುಗಳಲ್ಲಿ ಹಂಚೋಣ.