ದೇಶದ ಗಡಿ ದಾಟಿ ಊಟ ತರಿಸಿಕೊಳ್ಳಬಹುದೇ?

ನಮಸ್ಕಾರ. ಅತ್ತಿಬೆಲೆಯ ವೀಕ್ಷಕರೊಬ್ಬರು ಕೇಳಿದ್ದಾರೆ: ಹೊಸೂರಿನ ಬಿರಿಯಾನಿ ರಾಜ್ಯದ ಗಡಿ ದಾಟಿ ನಮ್ಮ ಮನೆಗೆ ಬರಬಹುದಾದರೆ, ದೇಶದ ಗಡಿಯಂಚಿನಲ್ಲಿ ಇರುವವರು ಪಕ್ಕದ ದೇಶದ ಹೋಟೆಲಿನಿಂದಲೂ ಊಟ ತರಿಸಿಕೊಳ್ಳಬಹುದೇ?

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆಯೂ 1993ರ ಜನವರಿ 1ರಿಂದ ಸುಂಕದ ತಪಾಸಣೆ ಇಲ್ಲ. ನೆದರ್ಲೆಂಡ್ಸ್ ನೆಲದ ನಡುವೆ ಬೆಲ್ಜಿಯಂನ 22 ತುಣುಕುಗಳು ಚದುರಿಕೊಂಡಿರುವ ಬಾರ್ಲೆ ಎಂಬ ಊರಿನಲ್ಲಿ ಪಿಜ್ಜಾ ತರುವವರು ಒಂದೇ ಓಡಾಟದಲ್ಲಿ ಹಲವು ಬಾರಿ ದೇಶ ಬದಲಿಸಿದರೂ ಅವರನ್ನು ಯಾವ ಸುಂಕದ ಅಧಿಕಾರಿಯೂ ತಡೆಯುವುದಿಲ್ಲ.

ನನ್ನನ್ನು ಬೆರಗುಗೊಳಿಸಿದ ಊರು ಮಾತ್ರ ಬೇರೆಯದು. ರೈನ್ ನದಿಯ ದಡದಲ್ಲಿರುವ ಬ್ಯೂಸಿಂಗೆನ್ ಜರ್ಮನಿಗೆ ಸೇರಿದ ಹಳ್ಳಿ, ಆದರೆ ಅದರ ಸುತ್ತಲೂ ಯುರೋಪಿಯನ್ ಒಕ್ಕೂಟಕ್ಕೆ ಸೇರದ ಸ್ವಿಟ್ಜರ್ಲೆಂಡ್ ಇದೆ. ಉಳಿದ ಜರ್ಮನಿಯಿಂದ ಅದನ್ನು ಬೇರ್ಪಡಿಸುವ ಸ್ವಿಸ್ ನೆಲದ ಅಗಲ ಒಂದು ಕಡೆ ಕೇವಲ 700 ಮೀಟರಿನಷ್ಟು. ಅಲ್ಲಿನ ಕಾನೂನು ಜರ್ಮನಿಯದು, ಆದರೆ 1964ರಲ್ಲಿ ಸಹಿಯಾಗಿ 1967ರಲ್ಲಿ ಜಾರಿಗೆ ಬಂದ ಒಪ್ಪಂದದ ಪ್ರಕಾರ ಆ ಹಳ್ಳಿ ಸ್ವಿಟ್ಜರ್ಲೆಂಡಿನ ಸುಂಕ ವಲಯಕ್ಕೆ ಸೇರಿದೆ. ಅಂಚೆಗೆ ಎರಡೂ ದೇಶಗಳ ಪಿನ್‌ಕೋಡ್ ಇವೆ, ಅಂಗಡಿಗಳಲ್ಲಿ ಸ್ವಿಸ್ ಫ್ರಾಂಕ್ ನಡೆಯುತ್ತದೆ. ಈಗ ಊಟದ ವಿಷಯಕ್ಕೆ ಬರೋಣ. ಪಕ್ಕದ ಸ್ವಿಸ್ ಪಟ್ಟಣವಾದ ಶಾಫ್‌ಹೌಸೆನ್‌ನಿಂದ ಈ ಹಳ್ಳಿಗೆ ಊಟ ಬಂದರೆ ಅದು ದೇಶದ ಗಡಿಯನ್ನು ದಾಟುತ್ತದೆ, ಸುಂಕದ ಗಡಿಯನ್ನು ದಾಟುವುದಿಲ್ಲ. ಅದೇ ಊಟ ಜರ್ಮನಿಯದೇ ಆದ ಸಿಂಗೆನ್ ಪಟ್ಟಣದಿಂದ ಬಂದರೆ, ಜರ್ಮನಿಯಿಂದ ಜರ್ಮನಿಗೆ ಬಂದರೂ ಕಾನೂನಿನ ಕಣ್ಣಿಗೆ ಅದು ಆಮದು. ಊಟವನ್ನು ತಡೆಯುವುದು ಭೂಪಟದ ಗೆರೆಯಲ್ಲ, ಸುಂಕ ವಲಯದ ಗೆರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಊರನ್ನು ನಾನು ಕಂಡಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಇದು ದಿನನಿತ್ಯದ ತೊಡಕು. ಅಲ್ಲಿಂದ ಜರ್ಮನಿಯ ವೈಲ್ ಆಮ್ ರೈನ್‌ಗೆ 2014ರಿಂದ ಟ್ರಾಮ್ ಓಡುತ್ತಿದೆ. ಪ್ರಯಾಣಿಕರು ಸ್ವಂತ ಬಳಕೆಗೆಂದು ದಿನಕ್ಕೆ 150 ಫ್ರಾಂಕ್ ಮೌಲ್ಯದವರೆಗಿನ ಸಾಮಾನನ್ನು ತೆರಿಗೆಯಿಲ್ಲದೆ ಸ್ವಿಟ್ಜರ್ಲೆಂಡಿಗೆ ತರಬಹುದು. ಆದರೆ ಈ ರಿಯಾಯಿತಿ ತಾನೇ ಹೊತ್ತು ತರುವವರಿಗೆ ಮಾತ್ರ. ಹಣ ಪಡೆದು ಇನ್ನೊಬ್ಬರ ಮನೆಗೆ ತಲುಪಿಸುವವರ ಚೀಲದಲ್ಲಿರುವುದು ವ್ಯಾಪಾರದ ಸರಕು, ಅದಕ್ಕೆ ಘೋಷಣಾಪತ್ರ ಬೇಕು. ಕಾಗದಪತ್ರ ಮುಗಿಯುವಷ್ಟರಲ್ಲಿ ಊಟ ಆರಿಹೋಗುತ್ತದೆ. ಒಂದು ಮನೆಯ ಒಂದು ಹೊತ್ತಿನ ಬೇಯಿಸಿದ ಊಟಕ್ಕಾದರೂ ಗಡಿಯ ಊರುಗಳಲ್ಲಿ ವಿನಾಯಿತಿ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಸಮಯ ಕಡಿಮೆ ಇರುವುದರಿಂದ ನಮ್ಮ ದೇಶದ ಗಡಿಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಅಗರ್ತಲಾ ನಗರ ಬಾಂಗ್ಲಾದೇಶದ ಗಡಿಗೆ ಅಂಟಿಕೊಂಡಿದ್ದರೂ ಆಚೆಯ ಅಖೌರಾದಿಂದ ಊಟ ತರುವವರಿಗೆ ಪಾಸ್‌ಪೋರ್ಟ್, ವೀಸಾ ಎರಡೂ ಬೇಕು. ಬಿಹಾರದ ರಕ್ಸೌಲ್ ಮತ್ತು ನೇಪಾಳದ ಬೀರ್‌ಗಂಜ್ ನಡುವೆ ಎರಡೂ ದೇಶಗಳ ಜನ ವೀಸಾ ಇಲ್ಲದೆ ಓಡಾಡುತ್ತಾರೆ. ಆದರೂ ಅಲ್ಲಿ ಸುಂಕದ ಕಚೇರಿಗಳಿವೆ, ಮಾರಾಟದ ಸರಕು ಅವುಗಳ ಮೂಲಕವೇ ಹೋಗಬೇಕು.